ಎಡಗಾಲಿಗೆ ಕೆಲಸವಿಲ್ಲದ ಊರು

ಕಾರು ನಿಂತಿತು ಅಂದುಕೊಂಡು ಉಸಿರು ಬಿಟ್ಟೆ. ಆದರೆ ರಸ್ತೆಯಂಚಿನಲ್ಲಿ ಯಾರದೋ ಮನೆಯ ಅಂಚೆಪೆಟ್ಟಿಗೆ ನಿಧಾನವಾಗಿ ನಮ್ಮ ಕಡೆಗೇ ಬರುತ್ತಿತ್ತು. ಅದು ಬರುತ್ತಿಲ್ಲ, ಹಿಮದ ಮೇಲೆ ನಾವೇ ಅಡ್ಡಡ್ಡ ಜಾರುತ್ತಿದ್ದೇವೆ ಎಂದು ನನಗೆ ಹೊಳೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಮಗಳು ಚಿನ್ಮಯಿ ಚೀರಿದಳು: “ಅಮ್ಮಾ, ರಾಂಗ್ ಫುಟ್!”

ಇದನ್ನು ಓದಿ ನಗುವ ಹಕ್ಕು ಹುಬ್ಬಳ್ಳಿಯ ಎಷ್ಟೋ ಹೆಂಗಸರಿಗಿದೆ. ಅವರಿಗೆ ಕಾರು ಕಲಿಸಿದವಳು ನಾನೇ. “ಎಡಗಾಲ ಮರೀಬ್ಯಾಡ್ರಿ ಅಕ್ಕಾರ, ಕ್ಲಚ್ಚಿನ್ಯಾಗ ಗಾಡಿ ಜೀವ ಐತಿ” ಎಂದು ದಿನವಿಡೀ ಕೂಗಿ ಸಂಜೆಗೆ ನನ್ನ ಗಂಟಲು ಕಟ್ಟುತ್ತಿತ್ತು. ಗಂಡನಿಗೆ ಸಿಯಾಟಲ್ ಪಕ್ಕ ಮುಕಿಲ್ಟಿಯೊ ಎಂಬ ಊರಿನ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸವಾಗಿ ಇಲ್ಲಿಗೆ ಬಂದಾಗ, ಅವರು ಕಾರಿನ ಕೀಲಿ ಕೊಟ್ಟು ಹೇಳಿದ್ದು ಒಂದೇ ಮಾತು: “ಇದಕ್ಕ ಕ್ಲಚ್ಚೇ ಇಲ್ಲ. ಎಡಗಾಲ ಸುಮ್ನ ಬಿಟ್ಟಬಿಡು.”

ಹೇಳುವುದು ಸುಲಭ. ನನ್ನ ಎಡಗಾಲು ಅಷ್ಟು ವರ್ಷ ದುಡಿದು ಬಂದದ್ದು, ಒಮ್ಮೆಲೇ ನಿವೃತ್ತಿ ಎಂದರೆ ಕೇಳೀತೆ? ಗಾಬರಿಯಾದಾಗಲೆಲ್ಲ ಕ್ಲಚ್ ಹುಡುಕಿಕೊಂಡು ಹೋಗಿ, ಅಲ್ಲಿ ಸಿಗುವ ಅಗಲವಾದ ಬ್ರೇಕನ್ನು ಮೆಟ್ಟಿಬಿಡುತ್ತಿತ್ತು. ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಅಂಗಡಿಗಳ ಪಾರ್ಕಿಂಗಿನಲ್ಲಿ ಹಾಗೆ ಮೆಟ್ಟಿದ್ದಕ್ಕೆ ಗಂಡನ ತೊಡೆಯ ಮೇಲಿದ್ದ ಸಾರಿನ ಡಬ್ಬಿ ಪೂರ್ತಿ ಮಗುಚಿಕೊಂಡಿತು. ಒಣ ರಸ್ತೆಯಲ್ಲಿ ಇದೆಲ್ಲ ತಮಾಷೆ. ಮಗಳೂ ಅದನ್ನೇ ಆಡಿಕೊಂಡು ನಗುತ್ತಿದ್ದಳು.

ಸಿಯಾಟಲ್ ಕಡೆ ಹಿಮ ಬೀಳುವುದು ಅಪರೂಪ, ಹೇಳದೆ ಬರುವ ನೆಂಟರ ಹಾಗೆ. ಹಾಗಾಗಿ ಇಲ್ಲಿಯವರಿಗೂ ರೂಢಿಯಿಲ್ಲ. ಏರು ಹತ್ತಲಾಗದಿದ್ದರೆ ಕಾರನ್ನು ರಸ್ತೆ ಬದಿಯಲ್ಲೇ ಬಿಟ್ಟು ನಡೆದುಹೋಗುತ್ತಾರೆ. ಅವತ್ತು ಬೆಳಿಗ್ಗೆ ಬರೀ ಮೋಡವಿತ್ತು. ಮಧ್ಯಾಹ್ನದ ಹೊತ್ತಿಗೆ ಹತ್ತಿ ಹಿಂಜಿ ಹಾಕಿದಂತೆ ಎಲ್ಲ ಬಿಳಿ. ಶಾಲೆ ಬೇಗ ಬಿಡುತ್ತೇವೆ, ಬಸ್ಸಿಲ್ಲ, ಮಕ್ಕಳನ್ನು ನೀವೇ ಬಂದು ಕರೆದುಕೊಂಡು ಹೋಗಿ ಎಂದು ಮೆಸೇಜ್ ಬಂತು. ಶಾಲೆ ಇರುವುದು ಗುಡ್ಡದ ಮೇಲೆ, ನಾವಿರುವುದು ಕೆಳಗೆ. ಗಂಡನಿಗೆ ಫೋನ್ ಮಾಡಿದೆ.

“ಹೈವೇ ಪೂರಾ ನಿಂತೈತಿ. ನಾ ಬರೂದು ಸಂಜಿ ಆಗ್ತೈತಿ. ನೀ ಮಾತ್ರ ಕಾರ್ ತಗೀಬ್ಯಾಡ.”

“ಹಂಗಾದ್ರ ಕೂಸಿನ್ನ ಯಾರು ಕರ್ಕೊಂಡ ಬರ್ತಾರ್ರೀ?”

“ಸಾವಕಾಶ ಹೋಗು,” ಅಂದರು.

ಎಲ್ಲೂ ನಿಲ್ಲಿಸದೆ ಒಂದೇ ಹದದಲ್ಲಿ ಏರು ಹತ್ತಿದೆ. ಮಗಳನ್ನು ಕೂರಿಸಿಕೊಂಡು ಇಳಿಯುವಾಗ, ಮುಂದೆ ಯಾರದೋ ಕಾರು ಜಾರುವುದನ್ನು ನೋಡಿದ್ದೇ ತಡ, ಎಡಗಾಲು ತನ್ನ ಹಳೇ ಕೆಲಸಕ್ಕೆ ಹಾಜರಾಯಿತು.

ಮಗಳ ಕೂಗಿಗೆ ಕಾಲು ತೆಗೆದೆ. ಟೈರು ನೆಲ ಕಚ್ಚಿತು, ಕಾರಿನ ಮೂತಿ ನೆಟ್ಟಗಾಯಿತು, ಅಂಚೆಪೆಟ್ಟಿಗೆಗೆ ಗೇಣು ದೂರದಲ್ಲಿ ರಸ್ತೆಯಂಚಿಗೆ ತಾಗಿ ನಿಂತೆವು. ಮತ್ತೆ ಹೊರಡಲು ನೋಡಿದರೆ ಚಕ್ರ ನಿಂತಲ್ಲೇ ಗರಗರ ಸುತ್ತಿತು. ಇದು ಹುಬ್ಬಳ್ಳಿಯಾಗಿದ್ದರೆ ಇಷ್ಟರಲ್ಲಿ ಚಹಾದಂಗಡಿಯ ಮಂದಿಯೆಲ್ಲ ಎದ್ದು ಬಂದು, ತಲೆಗೊಂದು ಸಲಹೆ ಕೊಟ್ಟು, ಬೈದು, ದೂಡಿ ಕಳಿಸುತ್ತಿದ್ದರು. ಇಲ್ಲಿ ಅಂಚೆಪೆಟ್ಟಿಗೆಯ ಮನೆಯಿಂದ ಒಬ್ಬರೇ ಮುದುಕರು ಒಂದು ಚೀಲ ಹಿಡಿದು ಬಂದರು. ಅದರಲ್ಲಿದ್ದದ್ದು ಸಾಕುಬೆಕ್ಕಿನ ಕಕ್ಕಸಿಗೆ ಹಾಕುವ ಹರಳು ಮಣ್ಣು. ಟೈರಿಗೆ ಹಿಡಿತ ಸಿಗಲೆಂದು ಅದನ್ನು ಚಕ್ರದ ಮುಂದೆ ರಂಗೋಲಿ ಬಿಟ್ಟ ಹಾಗೆ ಉದುರಿಸಿ, “ಟೇಕ್ ಯುವರ್ ಟೈಮ್” ಅಂದು ಪಕ್ಕಕ್ಕೆ ಸರಿದು ನಿಂತರು. ನಾವು ಹೊರಡುವ ತನಕ ಒಳಗೆ ಹೋಗಲಿಲ್ಲ. ಅವರ ಮೇಲೆ ನನಗೆ ಈಗಲೂ ಪ್ರೀತಿ ಉಕ್ಕುತ್ತದೆ.

ಇಳಿಜಾರು ಇನ್ನೂ ಅರ್ಧ ಬಾಕಿಯಿತ್ತು. ಕಾರು ಅಲ್ಲೇ ಬಿಟ್ಟು ಕೂಸನ್ನು ಎತ್ತಿಕೊಂಡು ನಡೆದರೆ, ಈ ದೇಶದಲ್ಲಿ ಇನ್ನೆಂದೂ ಸ್ಟೇರಿಂಗ್ ಹಿಡಿಯಲಾರೆ ಎಂದು ಚೆನ್ನಾಗಿ ಗೊತ್ತಿತ್ತು. ಆಗ ನೆನಪಾದದ್ದು ನವಲಗುಂದದ ಕಡೆಯ ಎರೆಮಣ್ಣಿನ ರಸ್ತೆ. ಮಳೆ ಬಿದ್ದರೆ ಅದೂ ಹೀಗೇ, ಬೆಣ್ಣೆ ಸವರಿದ ಹಾಗೆ ಜಾರುತ್ತದೆ. ಅಲ್ಲಿ ಕಲಿಯುವವರಿಗೆ ನಾನೇ ಹೇಳುತ್ತಿದ್ದೆನಲ್ಲ: “ಬ್ರೇಕಿಗೆ ಹೋಗಬ್ಯಾಡ್ರಿ, ಗೇರ್ ಇಳಸ್ರಿ, ಎಂಜಿನ್ನೇ ಗಾಡಿ ಹಿಡೀತೈತಿ.” ಗೇರಿನ ಹಿಡಿಕೆ ನೋಡಿದೆ. ಮುಂದೆ ಹೋಗುವ ‘ಡಿ’ ಕೆಳಗೆ ‘ಎಲ್’ ಎಂಬ ಒಂದಕ್ಷರವಿತ್ತು. ಅದೇ ಸಣ್ಣ ಗೇರು. ಇಷ್ಟು ದಿನ ಅದನ್ನು ಮುಟ್ಟಿಯೇ ಇರಲಿಲ್ಲ.

ಎಡಗಾಲನ್ನು ಹಿಂದಕ್ಕೆಳೆದು ಸೀಟಿನಡಿ ಸಿಕ್ಕಿಸಿಕೊಂಡೆ. ಹಿಡಿಕೆಯನ್ನು ಎಲ್‌ಗೆ ಇಳಿಸಿದೆ. ಎಂಜಿನ್ ಗೊಣಗುತ್ತ ಕಾರನ್ನು ಹಿಡಿದುಕೊಂಡಿತು. ಆ ಗೊಣಗಾಟ ನನ್ನ ಹಳೇ ಗಾಡಿಯದೇ. ಎತ್ತಿನ ಬಂಡಿಯ ಹಾಗೆ ಇಳಿದು ಮನೆ ಮುಟ್ಟಿದೆವು.

ಸಂಜೆ ಗಂಡ ಮೊಣಕಾಲ ತನಕ ಒದ್ದೆಯಾಗಿ ನಡೆದುಕೊಂಡು ಬಂದರು. “ನಿಮ್ಮ ಕಾರ್ ಎಲ್ಲೈತ್ರೀ?” ಅಂದೆ. “ಬಿಟ್ಟ ಬಂದೆ, ಏರು ಹತ್ತಲಿಲ್ಲ,” ಅಂದರು. ಬಿಸಿ ಬಿಸಿ ಚಹಾ ಕೊಟ್ಟೆ, ಅಷ್ಟೇ. ಆದರೆ ನಗು ತಡೆಯಲು ಅಡುಗೆಮನೆಗೆ ಹೋಗಬೇಕಾಯಿತು.

ಅಂದಿನಿಂದ ಎಡಗಾಲು ತೆಪ್ಪಗಾಯಿತು. ಈ ಊರು ನನ್ನದಾಯಿತೆಂದು ನನಗೂ ಅನ್ನಿಸತೊಡಗಿತು. ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋದಾಗ ತಮ್ಮ ತನ್ನ ಕಾರಿನ ಕೀಲಿ ಕೈಗಿಟ್ಟು, “ನಡಿ ಅಕ್ಕಾ, ನಿನ್ನ ಕೈಯ್ಯಾಗಿನ ಡ್ರೈವಿಂಗ್ ನೋಡಿ ಭಾಳ ದಿನ ಆತು” ಅಂದ. ಕುಣಿಯುತ್ತ ಕೂತೆ. ಚೆನ್ನಮ್ಮ ಸರ್ಕಲ್ಲಿನ ನಡುವೆ, ಅಡ್ಡ ಬಂದ ಆಟೋ ನೋಡಿ ಬ್ರೇಕ್ ಹಾಕಿದೆ. ಕಾರು ಒಮ್ಮೆ ಜಗ್ಗಿ ಬಂದ್ ಆಗಿ ನಿಂತಿತು. ಹಿಂದಿನಿಂದ ಹಾರ್ನುಗಳ ಮೆರವಣಿಗೆ. ತಮ್ಮ ನನ್ನ ಮುಖವನ್ನೇ ನೋಡಿದ. ಕೆಳಗೆ ಬಗ್ಗಿ ನೋಡಿದೆ. ನನ್ನ ಎಡಗಾಲು, ಸಾವಿರಾರು ಸಲ ಕ್ಲಚ್ ಒತ್ತಿದ ಅದೇ ಕಾಲು, ಸೀಟಿನಡಿ ಮುದುರಿಕೊಂಡು ಕೂತಿತ್ತು. ಕಣ್ಣು ತುಂಬಿ ಬಂತು.

ಹಿಂದಿನ ಸೀಟಿನಿಂದ ಚಿನ್ಮಯಿ ಕೂಗಿದಳು: “ಅಮ್ಮಾ, ರಾಂಗ್ ಫುಟ್!”