ಬಂಪರಿಗೆ ಹೊಡೆದ ಹುಕ್ಕು

ಆ ಕಾಲಕ್ಕೆ ಸಿಂದಗಿಯಲ್ಲಿ ಚಮ್ಮಟಿಗೆ ಎತ್ತುವ ಹೆಂಗಸು ಅಂದರೆ ಸುಗ್ರಾಬಿ ಒಬ್ಬಳೇ. ಅಗರಖೇಡದ ಕಮ್ಮಾರರ ಮನೆಯ ಮಗಳು. ಗಂಡುಮಕ್ಕಳಿಲ್ಲದ ಅಪ್ಪ ಅವಳ ಹದಿಮೂರನೆಯ ವಯಸ್ಸಿಗೇ ಚಮ್ಮಟಿಗೆ ಕೈಗೆ ಕೊಟ್ಟು, ಕೆಂಪಗೆ ಕಾದ ಕಬ್ಬಿಣದ ಮುಂದೆ ನಿಲ್ಲಿಸಿದ್ದ. ಮದುವೆಯಾಗಿ ಸಿಂದಗಿಗೆ ಬಂದಾಗ ಅತ್ತೆ ಖಾತುನಬಿ, "ನಮ್ಮ ಮನಿ ಸೊಸಿ ಬೀದಿ ಮುಂದ ನಿಂತು ಕಬ್ಬಿಣ ಬಡಿಯೂದು ಬ್ಯಾಡ" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಅದು ಆರು ತಿಂಗಳು ನಡೆಯಿತು. ಗಂಡನ ಕುಲುಮೆಯಲ್ಲಿ ಚಮ್ಮಟಿಗೆ ಹೊಡೆಯುತ್ತಿದ್ದ ಆಳು ಸೊಲ್ಲಾಪುರದ ಗಿರಣಿಗೆ ಹೋದ ಮೇಲೆ ಸುಗ್ರಾಬಿ ಸೆರಗು ಬಿಗಿದು ಅಡಿಗಲ್ಲಿನ ಮುಂದೆ ಬಂದು ನಿಂತಳು. ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ.

ಗಂಡ ದಾವಲಮಲಿಕನ ಕೈ ಬಂಗಾರದಂಥದ್ದು, ನಾಲಿಗೆ ಮಾತ್ರ ಮೇಣದ್ದು. ಯಾರು ಏನು ಕೇಳಿದರೂ "ಆಗಲಿ ಬಿಡ್ರಿ" ಅನ್ನುವ ಮನುಷ್ಯ. ಒಲ್ಲೆ ಅನ್ನುವ ಕೆಲಸವೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು. ಅದಕ್ಕೇ ಊರಲ್ಲಿ ಅವನಿಗೆ ಒಳ್ಳೆಯವನೆಂಬ ಹೆಸರು, ಅವಳಿಗೆ ಸಿಟ್ಟಿನವಳೆಂಬ ಹೆಸರು.

ಸಾವಿರದ ಒಂಬೈನೂರಾ ಅರವತ್ತೆರಡರ ಬೇಸಿಗೆ. ರಸ್ತೆ ಕೆಲಸದ ಗುತ್ತಿಗೆದಾರ ಗುರಲಿಂಗಪ್ಪ ಒಂದು ಮುಂಜಾನೆ ಜೀಪು ತಂದು ಕುಲುಮೆಯ ಮುಂದೆ ನಿಲ್ಲಿಸಿದ. ಮಿಲಿಟರಿಯವರ ಹರಾಜಿನಲ್ಲಿ ಹಿಡಿದ ಹಳೆಯ ಗಾಡಿ. ನಡೆಸುವವನು ಬಾಬುಲಾಲ. ಅದರ ಹಿಂದೆ ಕಟ್ಟಿಕೊಂಡು ಎಳೆಯಲು ಗುರಲಿಂಗಪ್ಪ ಒಂದು ಕಬ್ಬಿಣದ ಟ್ರೇಲರನ್ನೂ ತರಿಸಿದ್ದ. ಯಂಕಂಚಿ ರಸ್ತೆಗೆ ಖಡಿ, ಅಂದರೆ ಜಲ್ಲಿಕಲ್ಲು, ಸಾಗಿಸಬೇಕು. ಜೀಪಿಗೆ ಮೊದಲಿದ್ದ ಹುಕ್ಕನ್ನು ಯಾರೋ ಬಿಚ್ಚಿಕೊಂಡಿದ್ದರು.

"ಮಧ್ಯಾಹ್ನದೊಳಗ ಒಂದು ಹುಕ್ಕು ಹೊಡದು ಕೊಡು, ದಾವಲಾ. ನಾಳೆ ಸಾಹೇಬ್ರು ಕೆಲಸ ನೋಡಾಕ ಬರ್ತಾರ" ಎಂದ ಗುರಲಿಂಗಪ್ಪ.

ದಾವಲಮಲಿಕ ಬಾಯಿ ತೆರೆಯುವ ಮೊದಲೇ ಸುಗ್ರಾಬಿ ಜೀಪಿನ ಕೆಳಗೆ ತೂರಿದ್ದಳು. ಅಂಗಾತ ಮಲಗಿ, ಗಾಡಿಯ ಕೆಳಚೌಕಟ್ಟಾದ ಚಾಸಿಯ ಹಿಂದಿನ ಅಡ್ಡಪಟ್ಟಿಯನ್ನು ಬೆರಳಿನಿಂದ ಸವರಿ, ಮೆತ್ತಿದ್ದ ಕೆಸರನ್ನು ಕೆರೆದು ನೋಡಿದಳು. ಹಳೆಯ ಹುಕ್ಕು ಕೂತಿದ್ದ ನಾಲ್ಕು ತೂತುಗಳು ಅಲ್ಲಿದ್ದವು. ಒಂದು ತೂತಿನಿಂದ ಅಂಚಿನವರೆಗೆ ಪಟ್ಟಿ ಸೀಳಿತ್ತು. ಮೈಯೆಲ್ಲ ಮಣ್ಣು ಮಾಡಿಕೊಂಡು ಹೊರಗೆ ಬಂದಳು.

"ಎರಡು ದಿನ ಬೇಕ್ರಿ ಸಾವ್ಕಾರ್ರ. ಅಡ್ಡಪಟ್ಟಿ ಬಿರುಕು ಬಿಟ್ಟೈತಿ. ಅದರ ಬೆನ್ನಿಗೆ ದಪ್ಪನ ಪಟ್ಟಿ ಕೊಡಬೇಕು, ಎರಡೂ ಕಡೆಯಿಂದ ಚಾಸಿಗೆ ತೋಳು ಕೊಡಬೇಕು. ಹುಕ್ಕಿನ ಬಾಯಿ ಮುಚ್ಚಾಕ ಬರಬೇಕು, ಮ್ಯಾಲೆ ಪಿನ್ನು. ಟ್ರೇಲರಿನ ಮೂತಿಯ ಉಂಗುರ ಮತ್ತು ನಮ್ಮ ಹುಕ್ಕು ಒಂದ ಎತ್ತರಕ್ಕ ಇರಬೇಕು. ಮ್ಯಾಲೆ ಎರಡು ಸರಪಳಿ."

ಗುರಲಿಂಗಪ್ಪ ಅವಳ ಕಡೆ ನೋಡಲಿಲ್ಲ. ಜೀಪಿನ ಹಿಂಬದಿಗೆ ಅಡ್ಡಲಾಗಿ ಕೂರಿಸಿದ್ದ ತೆಳುಪಟ್ಟಿಯ ಬಂಪರನ್ನು ಕೈಯಿಂದ ಬಡಿದು ತೋರಿಸಿದ.

"ಇದಕ್ಕ ಹೊಡಿ, ದಾವಲಾ. ಚಕ್ಕಡಿ ಕೊಕ್ಕಿ ಇದ್ದರ ಅದನ್ನ ಹಾಕು. ಹೆಂಗಸರ ಮಾತು ಕೇಳಾಕ ನಾ ಬಂದಿಲ್ಲ."

"ಬಂಪರ್ ಅಂದ್ರ ಗ್ವಾಡಿಗೆ ತಾಗಬಾರದಂತ ಹಾಕಿದ ತಗಡು. ಅದು ಭಾರ ಜಗ್ಗೂದಿಲ್ಲ, ಹರಿತೈತಿ" ಎಂದಳು ಸುಗ್ರಾಬಿ.

"ಹರಿದ್ರ ನನ್ನ ಗಾಡಿ. ನಿನಗೇನಾತು?"

ಅವಳು ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತ, "ಆಗಲಿ ಬಿಡ್ರಿ, ಹೊಡದು ಕೊಡತೇನಿ" ಅಂದುಬಿಟ್ಟ.

ಸುಗ್ರಾಬಿ ಅಡಿಗಲ್ಲಿಗೆ ಒರಗಿಸಿದ್ದ ಚಮ್ಮಟಿಗೆಯನ್ನು ಎತ್ತಿ ದೊಪ್ಪನೆ ನೆಲಕ್ಕೆ ಎಸೆದಳು. "ನೀವ ಕಾಸ್ಕೋರಿ, ನೀವ ಬಡಕೋರಿ" ಎಂದು ಒಳಗೆ ಹೋಗಿ ಹಿಟ್ಟು ನಾದಲು ಕೂತಳು. ಅವತ್ತಿನ ರೊಟ್ಟಿ ಬಡಿದ ಸಪ್ಪಳ ಮೂರು ಮನೆಯಾಚೆ ಕೇಳಿತಂತೆ. ಹೊರಗೆ ಸಣ್ಣ ಸುತ್ತಿಗೆಯ ಸದ್ದು ಒಂದೇ ಕೇಳಿಸುತ್ತಿತ್ತು. ಮಧ್ಯಾಹ್ನಕ್ಕೆ ಜೀಪು ಟ್ರೇಲರ್ ಕಟ್ಟಿಕೊಂಡು ಹೋಯಿತು. ಗಂಡ ಹೆಂಡತಿ ಎಂಟು ದಿನ ಮಾತಾಡಲಿಲ್ಲ.

ಹದಿನೈದು ದಿನದ ಮೇಲೆ ಬಾಬುಲಾಲ ನಡೆದುಕೊಂಡೇ ಬಂದ. ಅಂಗಿಯ ಮೇಲೆ ರಕ್ತದ ಕಲೆ.

"ಭಾಬಿ, ಬಂಪರ್ ಹರೀತು" ಎಂದು ಬಾಗಿಲಲ್ಲೇ ಕುಸಿದು ಕೂತ.

ಯಂಕಂಚಿ ಕಡೆಯ ಹಳ್ಳ ದಾಟಿ ದಿಬ್ಬ ಏರುವಾಗ ಜೀಪು ಒಮ್ಮೆ ಜಗ್ಗಿದ್ದೇ ತಡ, ಬಂಪರು ಕೊಕ್ಕಿ ಸಮೇತ ಕಿತ್ತು ಬಂದಿತ್ತು. ಖಡಿ ತುಂಬಿದ ಟ್ರೇಲರು ಹಿಂದಕ್ಕೆ ಉರುಳಿ ಮಗುಚಿತ್ತು. ಖಡಿಯ ಮೇಲೆ ಆರು ಜನ ಹೆಣ್ಣಾಳುಗಳು ಕೂತಿದ್ದರು. ಐವರು ಜಿಗಿದಿದ್ದರು. ಶಂಕ್ರೆವ್ವನ ಎಡಗಾಲು ಟ್ರೇಲರಿನ ಅಡಿಗೆ ಸಿಕ್ಕಿತ್ತು. ಅವಳನ್ನು ಲಾರಿಯಲ್ಲಿ ಬಿಜಾಪುರದ ದವಾಖಾನೆಗೆ ಒಯ್ದಿದ್ದರು.

"ಆಳು ಕೂಡ್ರಸತಿದ್ರೇನು ಅದರಾಗ?" ಸುಗ್ರಾಬಿ ಕೇಳಿದಳು.

"ದಿನಾ ಕೂಡ್ರಸತಿದ್ವಿ. ಸಾವ್ಕಾರ ಈಗ ಏನಂತಾನ ಗೊತ್ತೇನು? ಕಮ್ಮಾರ ಕೆಟ್ಟ ಕಬ್ಬಿಣ ಹಾಕಿದ್ದ ಅಂತಾನ."

ದಾವಲಮಲಿಕ ಕುಲುಮೆಯಿಂದ ಎದ್ದವನು ಒಳಗೆ ಹೋಗಿ ಕತ್ತಲೆ ಕೋಣೆಯಲ್ಲಿ ಕೂತ. ಸುಗ್ರಾಬಿ ಚಪ್ಪಲಿಯನ್ನೂ ಮೆಟ್ಟದೆ ಪೇಟೆಗೆ ಹೊರಟಳು. ಗುರಲಿಂಗಪ್ಪ ಅಡತಿ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತು ಚಹಾ ಕುಡಿಯುತ್ತಿದ್ದ.

"ಕಬ್ಬಿಣ ಕೆಟ್ಟದ್ದಿತ್ತೇನ್ರಿ?" ಎಂದು ನಿಂತಲ್ಲಿಂದಲೇ ಕೂಗಿದಳು. "ಕೊಕ್ಕಿ ಮುರಿದಿದ್ದರ ತಗೊಂಡು ಬರ್ರಿ, ಇಲ್ಲೇ ಎಲ್ಲಾರ ಮುಂದ ನೋಡೋಣು. ಕೊಕ್ಕಿ ಹಂಗ ಐತಿ. ಹರದದ್ದು ನಿಮ್ಮ ಬಂಪರು. ಹರಿತೈತಿ ಅಂತ ನಾ ಹೇಳಿದ್ನಿಲ್ಲೋ?"

ಗುರಲಿಂಗಪ್ಪ ಬಟ್ಟಲು ಕೆಳಗಿಟ್ಟು ನಿಧಾನವಾಗಿ ಹೇಳಿದ: "ನೀ ಹೇಳಿದ್ದಿ, ಖರೇ. ಹೊಡದಾಂವ ಯಾರು? ನಿನ್ನ ಗಂಡ. ನಾ ಅವನ ಕೈ ಹಿಡದು ಹೊಡಿಸಿದ್ನೇನು?"

ಸಿಟ್ಟಿಗೆ ಸುಗ್ರಾಬಿಯ ಕಣ್ಣಲ್ಲಿ ನೀರು ಬಂತು. ಆ ನೀರು ಇವನ ಎದುರಿಗೆ ಬಂತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ತಿರುಗಿ ಮನೆಗೆ ಬಂದವಳು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು ಗಂಡನಿಗೆ ಅಂದಳು: "ಅವ ಮಾಡಿದ್ದು ಅವನ ಹತ್ರ ಇರಲಿ. ನಿಮ್ಮ ಕೈಲೆ ಆಗೂದಿಲ್ಲ ಅಂತ ಒಂದು ಮಾತು ಹೇಳಿದ್ದರ ಆಕಿ ಕಾಲು ಉಳೀತಿತ್ತು. ಒಂದ ಮಾತು."

ಮರುದಿನ ಅವಳು ಒಬ್ಬಳೇ ಬಸ್ಸು ಹತ್ತಿ ಬಿಜಾಪುರಕ್ಕೆ ಹೋದಳು. ಶಂಕ್ರೆವ್ವನ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರು ಹಾಕಿದ್ದರು. ಮೂವತ್ತರ ಹೆಂಗಸು, ಮುಖ ಬಿಳಿಚಿಕೊಂಡಿತ್ತು. ಸುಗ್ರಾಬಿ ತಂದಿದ್ದ ಬಾಳೆಹಣ್ಣು ಮಂಚದ ಮೇಲಿಟ್ಟು, ತಾನು ಹೇಗೆ ಬೇಡವೆಂದಿದ್ದೆ, ಹೇಗೆ ಚಮ್ಮಟಿಗೆ ಎಸೆದು ಒಳಗೆ ಹೋದೆ ಎಂದೆಲ್ಲ ಹೇಳಿದಳು. ಶಂಕ್ರೆವ್ವ ಪೂರಾ ಕೇಳಿಸಿಕೊಂಡಳು.

"ಹರಿತೈತಿ ಅಂತ ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ ನಮಗ್ಯಾಕ ಹೇಳಲಿಲ್ಲ, ಅಕ್ಕಾ? ದಿನಾ ನಿನ್ನ ಬಾಗಲ ಮುಂದಿಂದ ಹೋಗತಿದ್ವಿ. ಅದರಾಗ ಕೂಡ್ರಬ್ಯಾಡ್ರಿ ಅಂತ ಒಂದಿನ ಕೂಗಿ ಹೇಳಿದ್ದರ ನಾವು ಇಳದು ನಡಕೋತ ಹೋಗತಿದ್ವಿ."

ಬಾಗಿಲ ಮುಂದೆ ಜೀಪು ಹೋದಾಗಲೆಲ್ಲ ಸುಗ್ರಾಬಿ ಮುಖ ತಿರುವಿ ಕೂತಿದ್ದಳು. ಗಂಡನ ಮೇಲಿನ ಸಿಟ್ಟಿಗೆ ಟ್ರೇಲರಿನಲ್ಲಿ ಯಾರಿದ್ದಾರೆಂದು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ದಾರಿಯುದ್ದಕ್ಕೂ ತನ್ನ ತೊಡೆಯನ್ನು ತಾನೇ ಗುದ್ದಿಕೊಳ್ಳುತ್ತ ಬಂದಳು. ಪಕ್ಕದಲ್ಲಿ ಕೂತ ಮುದುಕಿ ಎದ್ದು ಬೇರೆ ಕಡೆ ಕೂತಳು.

ಮರುದಿನ ಬೆಳಗ್ಗೆ ಹೆಣ್ಣಾಳುಗಳು ಸೇರುವ ಬೇವಿನ ಗಿಡದ ಕೆಳಗೆ ಹೋಗಿ ನಿಂತಳು. ಗುರಲಿಂಗಪ್ಪ ಆಗಲೇ ಹಗ್ಗ ಬಿಗಿದು ಟ್ರೇಲರನ್ನು ಮತ್ತೆ ಜೀಪಿಗೆ ಕಟ್ಟಿಸಿದ್ದ. ಸುಗ್ರಾಬಿ ಹೆಣ್ಣಾಳುಗಳ ಹಿರಿಯಳಾದ ಹುಲಿಗೆವ್ವನನ್ನು ಕೈಹಿಡಿದು ಕರೆದೊಯ್ದು, ಆ ಹಗ್ಗ ತೋರಿಸಿದಳು, ಬಂಪರು ಕಿತ್ತ ಜಾಗ ತೋರಿಸಿದಳು, ಕೆಳಗೆ ಬಗ್ಗಿಸಿ ಸೀಳಿದ ಅಡ್ಡಪಟ್ಟಿಯನ್ನೂ ತೋರಿಸಿದಳು. ಹುಲಿಗೆವ್ವ ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದವಳು ತನ್ನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು.

"ನಾವು ಯಾರೂ ಏಳೂದಿಲ್ಲ" ಎಂದಳು.

ಗುರಲಿಂಗಪ್ಪ ಬೈದ, ಹೆದರಿಸಿದ, ಬೇರೆ ಊರಿನ ಆಳು ತರುತ್ತೇನೆಂದ. ಇಪ್ಪತ್ತು ಹೆಂಗಸರಲ್ಲಿ ಒಬ್ಬಳೂ ಏಳಲಿಲ್ಲ. ಬಾಬುಲಾಲನೂ ಜೀಪಿನಿಂದ ಇಳಿದು ಬೀಡಿ ಹಚ್ಚಿದ. ನಾಲ್ಕು ದಿನ ಕೆಲಸ ನಿಂತಿತು. ಐದನೆಯ ದಿನ ಜೀಪು ಕುಲುಮೆಯ ಮುಂದೆ ಬಂದು ನಿಂತಿತು. ಗುರಲಿಂಗಪ್ಪ ಈ ಸಲವೂ ದಾವಲಮಲಿಕನ ಕಡೆ ತಿರುಗಿಯೇ ಮಾತಾಡಿದ.

"ಏನೇನು ಮಾಡಬೇಕೋ ಮಾಡು."

"ಆಕಿನ್ನ ಕೇಳ್ರಿ" ಎಂದ ದಾವಲಮಲಿಕ.

ಗುರಲಿಂಗಪ್ಪ ಹಲ್ಲು ಕಚ್ಚಿ ಅವಳ ಕಡೆ ತಿರುಗಿದ. ಸುಗ್ರಾಬಿ ತನ್ನ ಮಾತು ಹೇಳಿದಳು. ಹುಕ್ಕು ಚಾಸಿಗೆ. ಟ್ರೇಲರಿನಲ್ಲಿ ಖಡಿ ಅಷ್ಟೇ, ಮನುಷ್ಯರು ಕೂಡುವಂತಿಲ್ಲ. ಹೆಂಗಸರನ್ನು ಜೀಪಿನೊಳಗೆ ಕೂರಿಸಿಕೊಂಡು ನಾಲ್ಕು ಸಲ ತಿರುಗಾಡಲಿ. ಶಂಕ್ರೆವ್ವ ಎದ್ದು ಬಂದ ಮೇಲೆ ಕೂತು ಖಡಿ ಒಡೆಯುವ ಕೆಲಸ ಅವಳಿಗೆ ತಪ್ಪಬಾರದು.

"ಇಷ್ಟ ಏನು?" ಎಂದ ಗುರಲಿಂಗಪ್ಪ ಕೊಂಕಾಗಿ.

"ಇಷ್ಟ ಅಲ್ಲ. ಮುಗಿಯೂತನಕಾ ನೀವು ಇಲ್ಲೇ ನಿಂತು ನೋಡಬೇಕು."

ಎರಡು ದಿನ ಹಿಡಿಯಿತು. ದಾವಲಮಲಿಕ ಇಕ್ಕಳದಲ್ಲಿ ದಪ್ಪಪಟ್ಟಿ ಹಿಡಿದು ಅಡಿಗಲ್ಲಿನ ಮೇಲಿಟ್ಟ. ಸುಗ್ರಾಬಿ ಬಹಳ ದಿನದ ಮೇಲೆ ಚಮ್ಮಟಿಗೆ ಎತ್ತಿದಳು. ಅವನು ಸಣ್ಣ ಸುತ್ತಿಗೆಯಿಂದ ತೋರಿಸಿದ ಜಾಗಕ್ಕೇ ಅವಳ ಪೆಟ್ಟು ಬೀಳುತ್ತಿತ್ತು, ಆದರೆ ಬೇಕಾದದ್ದಕ್ಕಿಂತ ಜೋರಾಗಿ. ಕಿಡಿ ಸಿಡಿದು ಅವನ ಮುಂಗೈ ಸುಟ್ಟಿತು. ಅವನು ಕೈ ಹಿಂದೆಗೆಯಲಿಲ್ಲ. ಪಟ್ಟಿಗೆ ಕಾಯಿಸಿಯೇ ತೂತು ಹೊಡೆದು, ಅಡ್ಡಪಟ್ಟಿಯ ಬೆನ್ನಿಗೆ ಕೂರಿಸಿ, ಎರಡು ತೋಳು ಚಾಚಿ ಚಾಸಿಗೆ ಬಿಗಿದರು. ಬೋಲ್ಟಿನ ನಟ್ಟು ಸಡಿಲಾಗದಂತೆ ತುದಿಯನ್ನು ಬಡಿದು ಅಗಲ ಮಾಡಿದರು. ಹುಕ್ಕಿನ ಮುಚ್ಚಳ ಮೂರು ಸಲ ಕೂಡಲಿಲ್ಲ. ಮೂರು ಸಲವೂ ಅವಳು ಕಿತ್ತು ಮತ್ತೆ ಬೆಂಕಿಗೆ ಹಾಕಿಸಿದಳು. ಗುರಲಿಂಗಪ್ಪ ನೆರಳು ಹುಡುಕುತ್ತ ಅಲ್ಲೇ ಸುಳಿದಾಡುತ್ತಿದ್ದ. ಕಡೆಗೆ ಖಡಿ ತುಂಬಿದ ಟ್ರೇಲರನ್ನು ಕಟ್ಟಿ, ಬಾಬುಲಾಲ ಅದೇ ಹಳ್ಳದ ದಿಬ್ಬವನ್ನು ಹತ್ತು ಸಲ ಏರಿಸಿ ಇಳಿಸಿದ. ಸುಗ್ರಾಬಿ ಪ್ರತಿ ಸಲವೂ ಕೆಳಗೆ ತೂರಿ ನಟ್ಟು ಮುಟ್ಟಿ ನೋಡಿದಳು. ಒಂದೂ ಅಲುಗಿರಲಿಲ್ಲ.

ಶಂಕ್ರೆವ್ವ ಮಳೆಗಾಲ ಮುಗಿದ ಮೇಲೆ ಕೋಲು ಹಿಡಿದು ಬಂದಳು. ಮೊಣಕಾಲು ಮಡಚುತ್ತಿರಲಿಲ್ಲ. ಗುರಲಿಂಗಪ್ಪ ಕೂತು ಮಾಡುವ ಕೆಲಸ ಕೊಟ್ಟು ಮಾತು ಉಳಿಸಿಕೊಂಡ, ಹುಲಿಗೆವ್ವನ ಭಯಕ್ಕೋ ಏನೋ. ಶಂಕ್ರೆವ್ವ ಸಂತೆಗೆ ಹೋಗುವಾಗ ಸುಗ್ರಾಬಿಯ ಬಾಗಿಲಲ್ಲಿ ನಿಂತು ನೀರು ಕೇಳಿ ಕುಡಿಯುತ್ತಿದ್ದಳು, ನಾಲ್ಕು ಮಾತಾಡುತ್ತಿದ್ದಳು. ದಾವಲಮಲಿಕನನ್ನು ಮಾತ್ರ ಅವಳು ಮಾತಾಡಿಸಲಿಲ್ಲ. ಅವನೂ ಅವಳು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ.

ಹುಕ್ಕಿನ ಸುದ್ದಿ ಹಬ್ಬಿತು. ಇಂಡಿ, ಬಾಗೇವಾಡಿ ಕಡೆಯಿಂದಲೂ ಜೀಪುಗಳು ಬರತೊಡಗಿದವು. ಮರುವರ್ಷ ಮುದ್ದೇಬಿಹಾಳ ಕಡೆಯವನೊಬ್ಬ ಟ್ರೇಲರಿನ ತುಂಬ ಜನರನ್ನು ಕೂರಿಸಿಕೊಂಡು ಬಂದು, ಸಡಿಲಾದ ಬಂಪರಿಗೇ ಎರಡು ಪೆಟ್ಟು ಹಾಕಿ ಕೊಡು ಎಂದ. ದಾವಲಮಲಿಕ ನೆಲ ನೋಡುತ್ತಲೇ, "ಆಗೂದಿಲ್ರಿ" ಎಂದ. ಆ ಮನುಷ್ಯ ಬೈದು ಗಾಡಿ ಹತ್ತಿದ.

ಸುಗ್ರಾಬಿ ಗಂಡನ ಮುಖ ನೋಡುತ್ತ ನಿಲ್ಲಲಿಲ್ಲ. ಓಡಿ ಹೋಗಿ ಟ್ರೇಲರಿನ ಅಂಚು ಹಿಡಿದು ಕೂಗಿದಳು: "ಇಳೀರಿ ಎಲ್ಲಾರೂ! ಇದು ಹರಿತೈತಿ! ಒಬ್ಬಾಕಿ ಕಾಲು ಹೋಗೇತಿ!"

ಒಬ್ಬ ಮುದುಕ ಮತ್ತು ಅವನ ಮಗಳು ಇಳಿದರು. ಉಳಿದವರು ನಕ್ಕರು. ಗಾಡಿ ಹೊರಟಿತು. ಅವಳು ದಾರಿಯ ನಡುವೆ ನಿಂತು, ನಡೆಸುವವನ ಏಳು ತಲೆಮಾರನ್ನು ಹಿಡಿದು ಬೈದಳು. ಗಾಡಿ ಕಣ್ಮರೆಯಾದ ಮೇಲೂ ಬೈದಳು. ಆಮೇಲೆ ಇಳಿದ ಇಬ್ಬರನ್ನು ನೆರಳಿಗೆ ಕರೆದು ಕೂರಿಸಿ, ನೀರು ಕೊಟ್ಟು, ಅವರು ಹೋಗಬೇಕಿದ್ದ ನಾಲತವಾಡದ ಕಡೆಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳಿದಳು.