ಯಾರ ಎಂಜಲು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಊರಿನ ಚಹಾದಂಗಡಿಯಲ್ಲಿ ನಮ್ಮಪ್ಪನಿಗೆ ಲೋಟ ಕೊಡುತ್ತಿರಲಿಲ್ಲ, ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಅದಕ್ಕೇ ಎಂಬತ್ತರ ದಶಕದ ಕೊನೆಯಲ್ಲಿ ವಿಶಾಖಪಟ್ಟಣದ ಕಾರ್ಖಾನೆಗೆ ಇಂಜಿನಿಯರ್ ಆಗಿ ಸೇರಿದಾಗಿನಿಂದ, ಯಾರ ಮನೆಗೆ ಹೋದರೂ ಲೋಟಕ್ಕೆ ತುಟಿ ಹಚ್ಚಿ ಕುಡಿಯುತ್ತಿದ್ದೆ. ಬೇಕೆಂದೇ.

ಟೌನ್‌ಶಿಪ್‌ನಲ್ಲಿದ್ದ ಧಾರವಾಡದ ಹಿರಿಯ ಸಹೋದ್ಯೋಗಿಯ ಮನೆಯಲ್ಲಿ ಭಾನುವಾರ ನನಗೆ ಊಟ. ಅವರ ಹೆಂಡತಿಯನ್ನು ವೈನಿ ಎನ್ನುತ್ತಿದ್ದೆ. ರೊಟ್ಟಿಯನ್ನು ಪ್ರೀತಿಯಿಂದಲೇ ಬಡಿಸುತ್ತಿದ್ದರು. ನನ್ನ ಲೋಟವನ್ನು ಮಾತ್ರ ಬೇರೆ ತೊಳೆಯುತ್ತಿದ್ದರು.

ಒಮ್ಮೆ ಜ್ವರ ಹಿಡಿಯಿತು. ಗಂಟಲು ಹುಣ್ಣಾಯಿತು, ಕುತ್ತಿಗೆಯಲ್ಲಿ ಗಂಟುಗಳೆದ್ದವು, ಹಾಸ್ಟೆಲಿನ ಮೆಟ್ಟಿಲು ಹತ್ತಲಾರದಷ್ಟು ಸುಸ್ತು. ಮೊನೊನ್ಯೂಕ್ಲಿಯೋಸಿಸ್ ಇರಬಹುದು, ಎಂಜಲಿನಿಂದ ಹರಡುತ್ತದೆ, ರಕ್ತ ಪರೀಕ್ಷೆ ಮಾಡೋಣ ಎಂದರು ಡಾಕ್ಟರು.

ಆ ಸಂಜೆ ಗಂಡನ ಜೊತೆ ಗಂಜಿ ತಂದ ವೈನಿಗೆ ಇದನ್ನು ಹೇಳಿದೆ.

"ತುಟಿ ಹಚ್ಚಬ್ಯಾಡ ಅಂತ ನಾ ಬಡಕೊಂಡಿದ್ದಿಲ್ಲೇನು ತಮ್ಮಾ? ಕಲತವರಿಗೆ ಹೇಳೋರು ಯಾರು. ಇರಲಿ, ಯಾರ ಎಂಜಲ ಅಂತ ಪರೀಕ್ಷಾದಾಗ ಗೊತ್ತಾಗ್ತದ."

ಜ್ವರಕ್ಕಿಂತ ಆ ಮಾತು ಹೆಚ್ಚು ಸುಟ್ಟಿತು. ರಕ್ತವೇ ಅವರ ಪರ ಸಾಕ್ಷಿ ಹೇಳಿದರೆ, ಹಟದಿಂದ ಹಿಡಿದ ಲೋಟವನ್ನು ನಾನೇ ಕೆಳಗಿಡಬೇಕಾಗುತ್ತಿತ್ತು.

ಪರೀಕ್ಷೆಗೆ ಉಪವಾಸ ಬೇಕಿರಲಿಲ್ಲ. ಮೊಳಕೈ ಮೇಲೆ ರಬ್ಬರ್ ಕೊಳವೆ ಬಿಗಿದು, "ಕದಲಕಂಡಿ ಸಾರ್," ಎಂದು ತೆಲುಗಿನಲ್ಲಿ ಹೇಳುತ್ತ ಲ್ಯಾಬಿನವರು ತೋಳು ಅಲುಗದಂತೆ ಹಿಡಿದು ಸೂಜಿ ಚುಚ್ಚಿದರು. ಇರುವೆ ಕಚ್ಚಿದಷ್ಟು ನೋವು. ರಕ್ತದ ತಿಳಿಯನ್ನು ಗಾಜಿನ ಮೇಲೆ ಒಂದು ದ್ರಾವಣದೊಡನೆ ಕಲಸುತ್ತಾರೆ, ಹರಳು ಹರಳಾಗಿ ಕೂಡಿದರೆ ಕಾಯಿಲೆ ಇದೆ ಎಂದರ್ಥ. ನನ್ನದು ಕೂಡಲಿಲ್ಲ. ಮೊದಲ ವಾರದಲ್ಲಿ ಹೀಗೆ ತಪ್ಪಿಸಿಕೊಳ್ಳುವುದುಂಟು, ಕಾಯಿಲೆ ಇಲ್ಲವೆಂದು ತಿಳಿಯಬೇಡಿ ಎಂದರು ಡಾಕ್ಟರು. ಮುಂದಿನ ವಾರ ಮತ್ತೆ ಚುಚ್ಚಿಸಿಕೊಂಡೆ. ಕೂಡಿತು.

ಯಾರಿಂದ ಬಂತು ಎಂದು ನಾನೇ ಕೇಳಿದೆ. ಡಾಕ್ಟರು ನಕ್ಕರು. ಅದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಒಳಹೊಕ್ಕು ಜ್ವರವಾಗಲು ತಿಂಗಳಿಗೂ ಹೆಚ್ಚು ಬೇಕಂತೆ. ಬಹಳ ಜನಕ್ಕೆ ಚಿಕ್ಕಂದಿನಲ್ಲೇ ತಿಳಿಯದಂತೆ ಬಂದುಹೋಗಿ, ಗಟ್ಟಿಮುಟ್ಟಾಗಿರುವವರ ಎಂಜಲಿನಲ್ಲೂ ಆಗಾಗ ಇರುತ್ತದಂತೆ. ಭಾರ ಎತ್ತಬೇಡಿ, ಸದ್ಯಕ್ಕೆ ಲೋಟ ಬೇರೆ ಇರಲಿ ಎಂದು ಕಳಿಸಿದರು.

ಜ್ವರ ಇಳಿದ ಮೇಲಿನ ಭಾನುವಾರ ಹೋದೆ.

"ಏನ್ ಬಂತು?" ಎಂದರು ವೈನಿ.

"ಅದೇ ಅಂತ್ರೀ."

"ನೋಡಿದ್ಯಾ."

"ಯಾರದು ಅಂತ ಬರೂದಿಲ್ರೀ. ಆರಾಮ ಇದ್ದವರದೂ ಇರಬಹುದು ಅಂದ್ರು. ನಿಮ್ಮದೂ."

"ನಾವು ಎತ್ತಿ ಕುಡಿಯೋ ಮಂದಿಯಪಾ."

ಅವರ ಗಂಡ ಪೇಪರಿನ ಹಿಂದೆ ಕೆಮ್ಮಿದರು.

"ಕೆಲವು ದಿವಸ ನನ್ನ ಲೋಟ ಬ್ಯಾರೆ ಇಡ್ರಿ ವೈನಿ. ಡಾಕ್ಟರು ಹೇಳ್ಯಾರಂತ, ನೀವು ಹೇಳಿದ್ರಂತ ಅಲ್ಲ. ಆರಾಮಾದ ಮ್ಯಾಲ ಎಲ್ಲಾರ ಲೋಟದ ಜೋಡಿ ತೊಳೀರಿ."

ವೈನಿ ಒಳಗೆ ಹೋದರು. ನೀರು ತಂದು ಮುಂದಿಟ್ಟು ನಿಂತರು. ಅವರ ಕಣ್ಣೆದುರೇ ತುಟಿ ಹಚ್ಚಿ ಕುಡಿದೆ. ನುಂಗುವಾಗ ಗಂಟಲು ಇನ್ನೂ ನೋಯುತ್ತಿತ್ತು. ಪೂರ್ತಿ ಕುಡಿದೆ.