ಕರಿದಾರ ಕಟ್ಟಿದವಳು ನಾನೇ

ಸಿಂಧನೂರಿನ ಸ್ಕ್ಯಾನಿಂಗ್ ಡಾಕ್ಟರ್ ನನ್ನ ಮೊಮ್ಮಗಳ ಹೊಟ್ಟೆ ನೋಡುತ್ತ ನೋಡುತ್ತ ಮಾತು ನಿಲ್ಲಿಸಿಬಿಟ್ಟರು. ಏಳು ತಿಂಗಳ ಕೂಸಿನ ಹೃದಯದ ಎಡಭಾಗ ಸಣ್ಣದಿದೆ, ಮೈಗೆ ಎಷ್ಟು ರಕ್ತ ಹರಿಯುತ್ತಿದೆ ಎಂಬುದು ಇದರಲ್ಲಿ ತಿಳಿಯುವುದಿಲ್ಲ, ಹೈದರಾಬಾದಿಗೆ ಹೋಗಿ ಎಂಆರ್‌ಐ ಮಾಡಿಸಿ ಎಂದರು. ಹರಿವು ಸಾಲದಿದ್ದರೆ ಹುಟ್ಟಿದ ಕೂಡಲೇ ಆಪರೇಷನ್.

ತಾಯಿಯಿಲ್ಲದ ಹುಡುಗಿ, ಚೊಚ್ಚಲ ಹೆರಿಗೆಗೆ ಮಸ್ಕಿಯಿಂದ ನನ್ನ ಮನೆಗೆ ಬಂದಿದ್ದಳು. ಆ ಸಂಜೆಯೇ ಕರಿದಾರಕ್ಕೆ ಒಂದು ಕಬ್ಬಿಣದ ಚೂರು ಸೇರಿಸಿ ಅವಳ ಸೊಂಟಕ್ಕೆ ಕಟ್ಟಿದೆ. ನಮ್ಮ ಕಡೆ ಬಸುರಿಯರಿಗೆ ಕಬ್ಬಿಣವೇ ಕಾವಲು. ಹೆರಿಗೆಯಾಗುವ ತನಕ ಬಿಚ್ಚಬಾರದು, ಯಾರಿಗೂ ಹೇಳಬಾರದು ಎಂದು ಆಣೆ ಮಾಡಿಸಿದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಇಂಥದ್ದನ್ನೆಲ್ಲ ಸೂಪರ್‌ಸ್ಟಿಷನ್ ಎಂದು ಬೈದು ಬಿಡಿಸಿದ್ದರು. ಬಿಟ್ಟಿದ್ದೇನೆ ಅಂತಲೇ ನಾನೂ ತಿಳಿದಿದ್ದೆ.

ಹೈದರಾಬಾದಿನ ಆಸ್ಪತ್ರೆಯಲ್ಲಿ ರಾಯಚೂರು ಕಡೆಯ ನರ್ಸ್ ಒಬ್ಬಳು ಅವಳಿಗೆ ಗೌನ್ ಕೊಟ್ಟು, ತಾಳಿ, ಕಾಲುಂಗುರ ತೆಗೆಸಿದಳು. ಮೈಮೇಲೆ ಇನ್ನೇನಾದರೂ ಲೋಹ ಇದೆಯೇ ಎಂದು ಕೇಳಿದಾಗ ಮೊಮ್ಮಗಳು ನನ್ನ ಮುಖ ನೋಡಿ ಇಲ್ಲವೆಂದಳು. ನಾನೂ ಸುಮ್ಮನಿದ್ದೆ. ಆಣೆ ಮುರಿದರೆ ಕೂಸಿಗೇನಾದೀತೋ ಎಂಬ ಭಯ. ಅವಳು ಒಳಗೆ ಹೊರಟಾಗ ಬಾಗಿಲ ಮೇಲಿನ ಇಂಗ್ಲಿಷ್ ಬೋರ್ಡ್ ಕಣ್ಣಿಗೆ ಬಿತ್ತು: ಮ್ಯಾಗ್ನೆಟ್ ಸದಾ ಆನ್ ಇರುತ್ತದೆ, ಕಬ್ಬಿಣ ಒಯ್ದರೆ ಜೀವಕ್ಕೆ ಅಪಾಯ. ಹಿಂದೆಯೇ ಓಡಿದೆ.

"ನಿಲ್ರೀ ಸಿಸ್ಟರ್, ಆಕಿ ಸೊಂಟದಾಗ ಕಬ್ಬಿಣ ಐತ್ರಿ. ನಾನ ಕಟ್ಟೀನಿ."

ನರ್ಸ್ ಬೈಯಲಿಲ್ಲ, ಕತ್ತರಿ ತಂದು ದಾರ ಕತ್ತರಿಸಿದಳು. ಮೊಮ್ಮಗಳು ಮಾತ್ರ ನನ್ನನ್ನು ಸುಮ್ಮನೆ ಬಿಡಲಿಲ್ಲ.

"ಕಾನ್ವೆಂಟಿನಾಗ ಓದಿದಾಕಿ ನೀ. ಮೊದಲ ಹೇಳಾಕ ಏನಾಗಿತ್ತ ಅಜ್ಜಿ?"

ಬಾಗಿಲು ಮುಚ್ಚಿತು. ಗೋಡೆಯಾಚೆ ಯಂತ್ರ ಬಡಿಯತೊಡಗಿತು, ಕಲ್ಲು ಒಡೆದ ಹಾಗೆ. ಅಷ್ಟು ಸದ್ದಿನ ನಡುವೆ, ಕಾವಲೂ ಇಲ್ಲದೆ, ಆ ಕೂಸು ಒಂದೇ. ಸಿಸ್ಟರ್‌ಗಳು ಕಲಿಸಿದ್ದ ಹೈಲ್ ಮೇರಿ ಪ್ರಾರ್ಥನೆ ಶುರು ಮಾಡಿದೆ, ಅರ್ಧಕ್ಕೆ ಮರೆತುಹೋಯಿತು. ಮನೆದೇವರನ್ನೂ ಕರೆದೆ.

ಮಧ್ಯಾಹ್ನ ಡಾಕ್ಟರ್ ಎಲ್ಲವನ್ನೂ ಇಂಗ್ಲಿಷಿನಲ್ಲಿ ನನಗೇ ಹೇಳಿದರು. ಎಡಬದಿಯಿಂದ ಹೊರಡುವ ರಕ್ತ ಕಡಿಮೆ, ಆದರೆ ಹರಿವು ನಿಂತಿಲ್ಲ. ಹೆರಿಗೆ ಇಲ್ಲಿಯೇ ಆಗಬೇಕು. ಆಪರೇಷನ್ ಬೇಕೋ ಬೇಡವೋ ಹುಟ್ಟಿದ ಮೇಲೆ ನೋಡಿಯೇ ಹೇಳುವುದು.

ಕಾರಿಡಾರಿನಲ್ಲಿ ಮೊಮ್ಮಗಳು ನನ್ನ ತೋಳು ಹಿಡಿದಳು. "ಕೂಸು ಉಳೀತೈತೇನು? ಈಗರ ಖರೇ ಹೇಳು."

ಏನೂ ಆಗುವುದಿಲ್ಲ ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ರಕ್ತ ಹರಿಯಾಕತ್ತೈತಿ. ಅವರಿಗೂ ಅಷ್ಟ ಗೊತ್ತು. ನನಗೂ ಅಂಜಿಕಿ ಆಗೈತಿ."

ಅವಳು ತೋಳು ಬಿಡಲಿಲ್ಲ. ದಿನ ತುಂಬಲು ಇನ್ನೂ ಎಂಟು ವಾರವಿತ್ತು. ಆಸ್ಪತ್ರೆಯ ಹತ್ತಿರವೇ ಒಂದು ರೂಮು ಹುಡುಕಲು ಇಬ್ಬರೂ ಮೆಟ್ಟಿಲಿಳಿದೆವು.